ಹಾರುವ ಕೋಟೆಯ ಎರಡನೆಯ ಭಾಗ

ನಂಬಬೇಡಿ, ನೋಡೋಣ! ಎಂಬತ್ತರ ದಶಕದ ಶುರುವಿನಲ್ಲಿ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ತೂಗುತ್ತಿದ್ದ ನಾನು ಒಬ್ಬ ರಾಜನನ್ನು ದೇವದುರ್ಗದ ಬಸ್ಸು ಹತ್ತಿಸಿದ್ದೇನೆ.

ಗಿರಣಿಯ ಎದುರಿಗೆ ನನ್ನ ಗೆಳೆಯನ ಟೇಲರ್ ಅಂಗಡಿ. ಮನೆಯಲ್ಲಿ ದಖನಿ ಆಡುವವನು. ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು. ರಾಯಚೂರಿನಲ್ಲಿ ಬಾಡಿಗೆಗೆ ಸಿಕ್ಕ ಕನ್ನಡ ಕಾದಂಬರಿಯೊಂದನ್ನು ಸಂಜೆ ಸಂಜೆ ಅವನಿಗೆ ಓದಿ ಹೇಳುತ್ತಿದ್ದೆ. ಮೋಡದ ಮೇಲೆ ತೇಲುವ ಕೋಟೆ, ಅದರಲ್ಲೊಬ್ಬ ಸಿಡುಕ ರಾಜ. ಕಡೆಯ ಪುಟದಲ್ಲಿ ರಾಣಿ ಜಗಳವಾಡಿ, ಗರುಡನ ಬೆನ್ನೇರಿ ತವರಿಗೆ ಹೋಗುತ್ತಾಳೆ. ಎರಡನೆಯ ಭಾಗ ಅಚ್ಚಾಗಲೇ ಇಲ್ಲ.

ಅಷ್ಟರಲ್ಲಿ ಟೇಲರನ ಹೆಂಡತಿಯೂ ಮುನಿಸಿಕೊಂಡು ದೇವದುರ್ಗದ ತವರಿಗೆ ಹೋದಳು. ಮುನಿದು ಹೋದವಳು ನಮ್ಮ ಕಡೆ ತಾನಾಗಿ ಬರುವುದಿಲ್ಲ, ಗಂಡನೇ ಹೋಗಿ ಕರೆಯಬೇಕು. ಇವನು ಹೋಗಲಿಲ್ಲ. ಮೂರು ತಿಂಗಳಲ್ಲಿ ಬಡಕಲಾದ. ಒಬ್ಬರ ಅಂಗಿಗೆ ಎರಡೂ ಎಡತೋಳೇ ಹಚ್ಚಿದ.

ನೋಡಲಾಗದೆ, ಹಳೆಯ ಪಂಚಾಂಗಕ್ಕೆ ಪೇಪರು ಸುತ್ತಿ ತಂದೆ.

"ಲೇ, ಎರಡನೇ ಭಾಗ ಸಿಕ್ಕದ ನೋಡು!"

ಪುಟ ತಿರುವುತ್ತಾ ಬಾಯಿಗೆ ಬಂದದ್ದನ್ನು ಓದಿದೆ. ಎಂಥಾ ಓದು! ಮಷೀನು ನಿಲ್ಲಿಸಿ ಕೇಳುತ್ತಿದ್ದ. ನನ್ನ ಭಾಗದಲ್ಲೊಬ್ಬ ಮಂತ್ರಿ. 'ಪ್ರಭು, ನೀವೇ ಹೋದರೆ ಸಿಂಹಾಸನದ ಮಾನವೇನು?' ಎಂದು ಕಿವಿ ಊದುತ್ತಾನೆ. ತವರಿನಿಂದ ರಾಣಿ ಕಳಿಸಿದ ಪಾರಿವಾಳಗಳನ್ನು ಹಿಡಿದು ಬಚ್ಚಿಡುತ್ತಾನೆ. ಯಾಕೆ? ರಾಣಿ ಬಂದರೆ ರಾಜ ಸಂಜೆ ತನ್ನ ಜೊತೆ ಪಗಡೆಗೆ ಕೂರುವುದಿಲ್ಲವಲ್ಲ!

"ಥೂ! ಆ ರಾಜಾಗ ಬುದ್ಧಿ ಅದ ಏನು? ಮಂತ್ರಿ ಮಾತ ಕೇಳಿ ಮನಿ ಹಾಳ ಮಾಡ್ಕೊಳ್ಳಾಕತ್ತಾನ!"

"ಮತ್ತ ಏನ್ ಮಾಡ್ಬೇಕು?"

"ಹೋಗಿ ಕರ್ಕೊಂಡು ಬರ್ಬೇಕು. ಗರುಡ ಇಲ್ಲಂದ್ರ ನಡಕೊಂತ ಹೋಗ್ಲಿ!"

"ನಡಿಯೋದ್ಯಾಕ? ದೇವದುರ್ಗಕ್ಕ ಮುಂಜಾನಿ ಬಸ್ ಅದ."

ಕತ್ತರಿ ಕೆಳಗಿಟ್ಟ. ನನ್ನನ್ನೇ ನೋಡಿದ.

"ಹೋಗಬ್ಯಾಡ, ತಾನ ಬರ್ತಾಳ ಅಂತ ನನಗ ಹೇಳಿದಾಂವ ಯಾರಲೇ?"

ನಾನೇ. ಅವಳಿದ್ದರೆ ದೀಪ ಹಚ್ಚುವ ಹೊತ್ತಿಗೆ ಅಂಗಡಿ ಮುಚ್ಚಿ ಮನೆಗೆ ಓಡುತ್ತಿದ್ದ. ಆಮೇಲೆ ಕತೆ ಕೇಳಲು ನನಗೆ ಯಾರೂ ಉಳಿಯುತ್ತಿರಲಿಲ್ಲ. ಎರಡೂ ಕಿವಿ ಹಿಡಿದು, "ತಪ್ಪಾತು ದೋಸ್ತಾ" ಎಂದೆ.

ಮರುದಿನ ಅಂಗಡಿಗೆ ಬೀಗ. ಅರ್ಧಕ್ಕೆ ನಿಂತಿದ್ದ ಅವಳ ರವಿಕೆ ಹೊಲಿದು ಮುಗಿಸಿ, ಬಗಲಲ್ಲಿಟ್ಟುಕೊಂಡು ಹೋಗಿದ್ದ. ಮೂರನೆಯ ದಿನ ಅದನ್ನೇ ತೊಟ್ಟು ಬಂದ ರಾಣಿ ಅಂಗಡಿಯ ಬಾಗಿಲಲ್ಲಿ ನಿಂತಳು.

"ಮಂತ್ರಿಗೆ ಏನ್ ಶಿಕ್ಷಾ ಕೊಡೂಣು?" ಎಂದ ಗಂಡ.

"ಚಾ ಕುಡಿಸಿ ಮನಿಗೆ ಕಳಸ್ರಿ. ಲಗೂನ!"

ಇದರಲ್ಲಿ ಒಂದು ಸುಳ್ಳಿದೆ. ನಾನು ಕಿವಿ ಹಿಡಿಯಲಿಲ್ಲ. ಪಂಚಾಂಗದ ಪುಟ ತಿರುವಿ, ಮಂತ್ರಿ ಕಿವಿ ಹಿಡಿದ ಎಂದು ಓದಿದೆ, ಅಷ್ಟೇ.