ನೈರೋಬಿಯಿಂದ ಆರು ಗಂಟೆ

೧೯೭೨ರಲ್ಲಿ ನಾನು ಮುಂಬಯಿಯ ಫೋರ್ಟ್ ಭಾಗದಲ್ಲಿ ಒಂದು ವಿಮಾನ ಕಂಪನಿಯ ಬುಕಿಂಗ್ ಆಫೀಸಿನಲ್ಲಿದ್ದೆ. ವಿಚಾರಣೆಯ ಫೋನು ನನ್ನ ಮೇಜಿನ ಮೇಲಿತ್ತು. ಯಾವ ಊರಿಗೆ ಎಷ್ಟು ಮೈಲು, ಎಷ್ಟು ಗಂಟೆ ಎಂಬುದೆಲ್ಲ ನನಗೆ ಬಾಯಿಪಾಠ. ಟೈಮ್‌ಟೇಬಲ್ ತೆರೆಯದೆ ಉತ್ತರ ಕೊಡುವುದೇ ನನ್ನ ದೊಡ್ಡ ಜಂಬವಾಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಂಜೀವಣ್ಣನ ಫೋನ್ ಬಂತು. ಚೆಂಬೂರಿನಲ್ಲಿ ಅವರದು ಸಣ್ಣ ಹೋಟೆಲು. ನಾನು ಅಲ್ಲಿ ದಿನಾ ಊಟ ಮಾಡುವವನು.

“ಮಾರಾಯ್ರೆ, ನೈರೋಬಿಯಿಂದ ಬೊಂಬಾಯಿಗೆ ಎಷ್ಟು ಗಂಟೆ?”

“ಎರಡು ಸಾವಿರದ ಎಂಟುನೂರು ಮೈಲು. ಆರು ಗಂಟೆ,” ಎಂದೆ. ಅವರು ಫೋನಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ನಾಲ್ಕೂಕಾಲಿಗೆ ಮತ್ತೆ ಅವರೇ. ಈ ಸಲ ದನಿ ಒಡೆದಿತ್ತು. ಹಿಂದಿನ ದಿನ ಅವರ ಅಣ್ಣ ತೀರಿಕೊಂಡಿದ್ದರು. ಅಣ್ಣನ ಒಬ್ಬನೇ ಮಗ ಸುಧಾಕರ ನೈರೋಬಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಹತ್ತರ ವಿಮಾನಕ್ಕೆ ಹೊರಡುತ್ತೇನೆಂದು ಅವನ ತಂತಿ ಬಂದಿತ್ತು. ಹತ್ತಕ್ಕೆ ಆರು ಕೂಡಿಸಿ, ನಾಲ್ಕಕ್ಕೆ ಇಳಿಯುತ್ತಾನೆಂದು ಮನೆಯವರು ನಂಬಿದ್ದರು.

“ಏರ್‌ಪೋರ್ಟಿಗೆ ಹೋದವರು ವಿಮಾನವೇ ಬಂದಿಲ್ಲ ಅಂತಾರೆ. ಚಟ್ಟ ಕಟ್ಟಿ ಆಗಿದೆ. ಸೂರ್ಯ ಮುಳುಗುವ ಮೊದಲು ಎತ್ತಬೇಕು ಅಂತ ಹಿರಿಯರ ಹಟ.”

ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ! ನಾನು ಹೇಳಿದ್ದು ವಿಮಾನ ಗಾಳಿಯಲ್ಲಿರುವ ಹೊತ್ತು ಮಾತ್ರ. ನೈರೋಬಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿಯ ಹತ್ತು ಅಂದರೆ ಇಲ್ಲಿಯ ಹನ್ನೆರಡೂವರೆ. ಅವನು ಸಾಂತಾಕ್ರೂಜ್ ಏರ್‌ಪೋರ್ಟಿನಲ್ಲಿ ಇಳಿಯುವುದು ಆರೂವರೆಗೆ.

“ಸಂಜೀವಣ್ಣ, ತಪ್ಪು ನಂದು. ನಾನು ಬರುವ ತನಕ ಎತ್ತಬೇಡಿ,” ಎಂದವನೇ ಸಾಹೇಬರಿಗೆ ಹೇಳಿ ವಿ.ಟಿ. ಸ್ಟೇಷನ್ನಿಗೆ ಓಡಿದೆ. ಲೋಕಲ್ ರೈಲು ಅಂದು ತೆವಳಿದಂತಿತ್ತು.

ಹೋಟೆಲಿನ ಹಿಂದಿನ ಮನೆ ಮುಟ್ಟಿದಾಗ ಐದೂಕಾಲು. ಅಂಗಳದಲ್ಲಿ ಜನ ಎದ್ದು ನಿಂತಿದ್ದರು. ನಾನು ಬೆವರು ಒರೆಸಿಕೊಳ್ಳುತ್ತ ಎರಡು ಊರಿನ ಗಡಿಯಾರದ ಲೆಕ್ಕ ಬಿಡಿಸಿ ಹೇಳಿದೆ. ಸಂಜೀವಣ್ಣನ ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಲ್ಲಿಗೊಂದು ಸೂರ್ಯ, ಇಲ್ಲಿಗೊಂದು ಸೂರ್ಯ ಉಂಟಾ? ಒಂದು ರಾತ್ರಿ ಇಟ್ಟಾಯಿತು. ಇನ್ನೊಂದು ರಾತ್ರಿ ಆಗುವುದಿಲ್ಲ.”

ಆಗ ಒಳಗಿನಿಂದ ತೀರಿಕೊಂಡವರ ಹೆಂಡತಿ ಕಮಲಕ್ಕ ಬಂದರು. ಅಳು ಬತ್ತಿದ ಮುಖ.

“ಅವರು ನಾಲ್ಕು ವರ್ಷ ಮಗನ ದಾರಿ ಕಾದರು ದೊಡ್ಡಪ್ಪ. ಈ ಒಂದು ರಾತ್ರಿಯೂ ಕಾಯ್ತಾರೆ. ಸಂಜೀವ, ಐಸ್ ತರಿಸು.”

ದೊಡ್ಡಪ್ಪ ಗೊಣಗುತ್ತಲೇ ಚಟ್ಟವನ್ನು ಗೋಡೆಗೆ ಸರಿಸಿದರು. ಐಸ್ ಇಳಿಸಲು ನಾನೂ ಕೈ ಕೊಟ್ಟೆ. ಇನ್ನೇನು ಮಾಡಲಿ, ತಲೆ ಎತ್ತಿ ನಿಲ್ಲುವ ಮುಖ ನನಗಿರಲಿಲ್ಲ.

ಎಂಟು ಗಂಟೆಗೆ ಟ್ಯಾಕ್ಸಿಯಿಂದ ಸುಧಾಕರ ಇಳಿದ. ಬಾಗಿಲಲ್ಲಿ ನಿಂತು ಒಳಗೆ ಮಲಗಿದ್ದ ಅಪ್ಪನನ್ನು ಕಂಡವನೇ ಅಲ್ಲೇ ಕುಸಿದ.

“ವಿಮಾನದಲ್ಲೇ ಲೆಕ್ಕ ಹಾಕಿದ್ದೆ, ಇಳಿಯುವಾಗ ಕತ್ತಲಾಗಿರ್ತದೆ ಅಂತ. ಬೂದಿಯಾದರೂ ಸಿಕ್ಕಲಿ ಅಂತ ಬಂದೆ ಅಮ್ಮ,” ಎಂದು ಅಪ್ಪನ ಪಾದ ಹಿಡಿದು ಗೊಳೋ ಎಂದು ಅತ್ತ. ನಾನೂ ಅತ್ತೆ.

ಆಮೇಲೆ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದೆ. ಇಂಥ ಊರಿಂದ ಎಷ್ಟು ಗಂಟೆ ಎಂದು ಯಾರು ಕೇಳಿದರೂ ಉತ್ತರಕ್ಕೆ ಮೊದಲು, “ಯಾರು ಬರ್ತಿದ್ದಾರೆ?” ಎಂದು ಕೇಳುತ್ತಿದ್ದೆ.