ಆ ಸರ್ಕಾರ ಬಗ್ಗಿತಾ, ಬೆನ್?

ಕಾಕಾನ ಬಲಗೈಯ ಹೆಬ್ಬೆರಳ ತುದಿ ಗಾಜಿನಂತೆ ನುಣುಪಾಗಿತ್ತು, ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ತಿರುಗುವ ಸಾಣೆಚಕ್ರಕ್ಕೆ ವಜ್ರ ಒತ್ತಿಹಿಡಿದ ಕೈ ಅದು. ರೇಷನ್ ಅಂಗಡಿಯ ಯಂತ್ರಕ್ಕೆ ಆ ಬೆರಳು ಗುರುತೇ ಸಿಗುತ್ತಿರಲಿಲ್ಲ. “ವಜ್ರ ಗುರುತು ಹಿಡಿಯುತ್ತೆ, ಅಷ್ಟು ಸಾಕು” ಎಂದು ನಗುತ್ತಿದ್ದರು.

ಸೂರತ್ತಿನ ಕತಾರ್‌ಗಾಮ್‌ನಲ್ಲಿ ನಮ್ಮ ಮನೆಯ ಕೆಳಗಿನ ಮನೆ ಅವರದು; ಬಂಧುವಲ್ಲ, ಓಣಿಗೆಲ್ಲ ಕಾಕಾ. ನನ್ನ ಗಂಡ ಕೆಲಸಕ್ಕೆ ಹಜೀರಾ ಬಸ್ಸು ಹಿಡಿದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಇಂಗ್ಲಿಷ್ ಪೇಪರು ಓದುತ್ತಿದ್ದೆ. ಕಾಕಾ ಊಟದ ಡಬ್ಬಿ ಹಿಡಿದು ವಜ್ರದ ಕಾರ್ಖಾನೆಗೆ ಹೊರಡುವಾಗ, “ಏನು ಬೆನ್, ಲೋಕದ ಸಮಾಚಾರ?” ಎಂದು ಕೇಳುವರು. ಬೆನ್ ಅಂದರೆ ಇಲ್ಲಿಯ ಮಾತಿನಲ್ಲಿ ತಂಗಿ.

ಒಂದು ದಿನ ಹೇಳಿದೆ: ಯುದ್ಧ ಹೂಡಿದ ದೂರದ ದೇಶವೊಂದರ ವಜ್ರವನ್ನು ಇನ್ನು ಸಿರಿವಂತ ದೇಶಗಳು ಕೊಳ್ಳುವುದಿಲ್ಲವಂತೆ. ನನಗೆ ಸಂತೋಷವಾಗಿತ್ತು. ಈಸ್ಟರಿಗೆ ಮುಂಚೆ ನಲವತ್ತು ದಿನ ಚಾಕಲೇಟು ಬಿಡಿಸಿ, ತ್ಯಾಗಕ್ಕೆ ಕಲ್ಲೂ ಕರಗುತ್ತದೆ ಎಂದ ಕಾನ್ವೆಂಟಿನ ಸಿಸ್ಟರನ್ನು ನಂಬಿದವಳು ನಾನು.

“ದುಡ್ಡು ನಿಂತರೆ ಆ ಸರ್ಕಾರ ಬಗ್ಗುತ್ತೆ ಕಾಕಾ.”

ಅವರ ಚಕ್ರಕ್ಕೆ ಬರುತ್ತಿದ್ದ ಕಲ್ಲೂ ಆ ದೇಶದ್ದೇ. ಆದರೂ ಅಂದರು, “ಬಗ್ಗಲಿ. ಅಲ್ಲಿ ಮಕ್ಕಳು ಸಾಯೋದು ನಿಲ್ಲುತ್ತೆ ಅಂದ್ರೆ ನಾವು ಎರಡು ತಿಂಗಳು ರೊಟ್ಟಿ-ಮೆಣಸಿನಕಾಯಿ ತಿಂದ್ಕೊಂಡಿರ್ತೀವಿ.”

ದೀಪಾವಳಿ ರಜೆ ಬಂತು. ಲಾಭಪಂಚಮಿಯ ದಿನ ಪೂಜೆ ಮಾಡಿ ಕಾರ್ಖಾನೆ ತೆಗೆಯುವುದು ಇಲ್ಲಿಯ ಪದ್ಧತಿ. ಆ ಸಲ ಗೇಟಿಗೆ ‘ರಜೆ ಮುಂದುವರಿದಿದೆ’ ಎಂದು ಚೀಟಿ ಅಂಟಿಸಿದ್ದರು. ಸಂಕ್ರಾಂತಿಯ ಗಾಳಿಪಟದ ಹಬ್ಬ ಕಳೆಯಿತು, ಹೋಳಿ ಕಳೆಯಿತು, ಚೀಟಿ ಹಾಗೇ ಇತ್ತು. ಕಾಕಾ ಹೆಂಡತಿಯ ಪಕ್ಕ ಕೂತು ಸೀರೆಗಳಿಗೆ ಗಾಜಿನ ಹರಳು ಅಂಟಿಸತೊಡಗಿದರು. ಗಾಜನ್ನೂ ಭೂತಗನ್ನಡಿ ಹಿಡಿದೇ ನೋಡುವರು. “ಒಂದು ಹರಳಿಗೆ ಇಷ್ಟು ಹೊತ್ತಾ? ಇದೇನು ರಾಣಿ ಕಿರೀಟಾನಾ?” ಎಂದು ಕಾಕಿ ಸಿಡುಕುವರು.

ಬೆಳಗಿನ ಪ್ರಶ್ನೆ ಈಗ ಬೇರೆಯಾಗಿತ್ತು. “ಆ ಸರ್ಕಾರ ಬಗ್ಗಿತಾ, ಬೆನ್?”

ಪೇಪರಿನಲ್ಲಿ ಇನ್ನೊಂದು ಊರು ಉರಿಯುತ್ತಿರುತ್ತಿತ್ತು. “ಇನ್ನೇನು ಬಗ್ಗುತ್ತೆ ಕಾಕಾ” ಎನ್ನುತ್ತಿದ್ದೆ.

“ನಿನ್ನ ಸಿಸ್ಟರ್ ಹೇಳಿದ್ದು ಚಾಕಲೇಟಿಗೆ ಸರಿ ಕಣೇ. ಯುದ್ಧ ಮಾಡೋರು ಹಸಿದಿರೋದನ್ನ ಎಲ್ಲಾದ್ರೂ ನೋಡಿದ್ದೀಯಾ?” ಎಂದರು ನನ್ನ ಗಂಡ.

ಮಳೆಗಾಲದಲ್ಲಿ ಕಾಕಾಗೆ ನ್ಯುಮೋನಿಯಾ ಆಯಿತು. ಗಂಜಿ ಮಾಡಿ ಒಯ್ದೆ. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಚಮಚ ಬಾಯಿಯ ಹತ್ತಿರ ತಂದರೂ ತುಟಿ ತೆರೆಯದೆ ನನ್ನ ಮುಖವನ್ನೇ ನೋಡಿದರು. “ಬಗ್ಗಿತಾ?”

“ಬಗ್ಗಿತು ಕಾಕಾ. ಯುದ್ಧ ನಿಂತಿತು” ಎಂದುಬಿಟ್ಟೆ.

ಅವರು ಹೆಂಡತಿಯ ಕಡೆ ತಿರುಗಿದರು. “ಕೇಳಿದೆಯಾ? ನಾವು ಹಸಿದದ್ದು ದಂಡ ಆಗಲಿಲ್ಲ.” ಆಮೇಲೆ ಗಂಜಿ ಕುಡಿದರು. ಮೂರನೆಯ ದಿನ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮರುದಿನ ಕಾಕಿ ಮೆಟ್ಟಿಲು ಹತ್ತಿ ಬಂದರು. “ನಮ್ಮ ಅಳಿಯನದೂ ಅದೇ ಕಾರ್ಖಾನೆ ಬೆನ್. ಯುದ್ಧ ನಿಂತಿತಲ್ಲ, ಗೇಟು ಯಾವತ್ತು ತೆಗೀತಾರಂತೆ? ಸ್ವಲ್ಪ ನೋಡಿ ಹೇಳು.”

ಪೇಪರು ನನ್ನ ತೊಡೆಯ ಮೇಲೆಯೇ ಬಿಚ್ಚಿಕೊಂಡಿತ್ತು. ಮೊದಲ ಪುಟದ ತುಂಬ ಅದೇ ಯುದ್ಧದ ಹೊಗೆ, ಕುಸಿದ ಮನೆಗಳು. ಕಾಕಿ ಬಗ್ಗಿ ನೋಡಿದರು. ಚಿತ್ರ ನೋಡಲು ಇಂಗ್ಲಿಷ್ ಬರಬೇಕಿರಲಿಲ್ಲ.