ಅಡುಗೆಕೋಣೆಯೊಳಗಿನ ಹತ್ತು ನಿಮಿಷ

ಆ ಭಾನುವಾರವೂ ಐದೂವರೆಗೇ ನಲ್ಲಿಯಲ್ಲಿ ನೀರು ಬಂತು. ಎರಡು ಕೊಡ, ಒಂದು ಬಾಲ್ದಿ, ಬಚ್ಚಲಿನ ಹಂಡೆ ತುಂಬಿಸಿ, ಚಹಾಕ್ಕೆ ಇಟ್ಟು, ಕಾಯಿ ತುರಿದು ದೋಸೆ ಹುಯ್ಯುವಷ್ಟರಲ್ಲಿ ಏಳಾಯಿತು. ಆಮೇಲೆ ನನ್ನವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ. ತೋಳಿನ ಮೇಲೆ ಒಂದೇ ಗೆರೆ ಬೀಳಬೇಕು. ಎರಡು ಬಿದ್ದರೆ ಅವರು ಏನೂ ಹೇಳುವುದಿಲ್ಲ, ಸುಮ್ಮನೆ ಬೇರೆ ಅಂಗಿ ತೊಟ್ಟುಕೊಳ್ಳುತ್ತಾರೆ. ಅವರಿಗೆ ಮಾತು ಕಡಿಮೆ. ನನಗೂ ಕಾನ್ವೆಂಟಿನ ಸಿಸ್ಟರುಗಳು ಗಟ್ಟಿಯಾಗಿ ಮಾತಾಡಲು ಕಲಿಸಿರಲಿಲ್ಲ. ಆರು ವರ್ಷದ ಸಂಸಾರದಲ್ಲಿ ಜಗಳ ಇರಲಿಲ್ಲವೆಂದರೆ ಇದೇ ಕಾರಣ.

ಅವರ ಆಫೀಸಿನವರೊಬ್ಬರು ಅಂಕೋಲೆಯ ಒಂದು ನಾಟಕಕ್ಕೆ ಎರಡು ಪಾಸು ಕೊಟ್ಟಿದ್ದರು. ಹಳೆಯ ಮನೆಯೊಂದರ ಒಳಗೇ ನಡೆಯುವ ನಾಟಕ. ಪರದೆಯಿಲ್ಲ, ಕುರ್ಚಿಯಿಲ್ಲ. ನೋಡಲು ಬಂದವರು ಪಾತ್ರಧಾರಿಗಳ ಹಿಂದೆಯೇ ಕೋಣೆಯಿಂದ ಕೋಣೆಗೆ ತಿರುಗಬೇಕು.

"ನಿಂತ್ಕೊಂಡೇ ನೋಡೋದಾದ್ರೆ ದುಡ್ಡು ಕೊಟ್ಟು ಯಾರು ಬರ್ತಾರೆ? ಅದಕ್ಕೇ ಪಾಸು" ಎಂದರು ನನ್ನವರು. ಆ ವಾರ ಅವರಾಡಿದ ಅತಿ ಉದ್ದದ ಮಾತು ಅದು.

ಕಾರವಾರದಿಂದ ಹೊರಟ ಬಸ್ಸು ಅರ್ಗಾ ದಾಟುವಾಗ ಅವರು ಎಂದಿನಂತೆ ಗುಡ್ಡದ ಕಡೆ ಮುಖ ತಿರುಗಿಸಿದರು. ಸಮುದ್ರದ ಕಡೆ ನೌಕಾನೆಲೆಯ ಗೋಡೆ ಉದ್ದಕ್ಕೆ ಓಡುತ್ತದೆ. ಆ ಗೋಡೆಯ ಒಳಗೆ ಎಲ್ಲೋ ಅವರು ಹುಟ್ಟಿದ ಮನೆಯಿತ್ತು. ನಮ್ಮ ಮದುವೆಗೆ ಮೊದಲೇ ಊರವರೆಲ್ಲ ನೌಕಾನೆಲೆಗಾಗಿ ಜಾಗ ಖಾಲಿ ಮಾಡಿ ಬಂದಿದ್ದರು. ಆ ಮನೆ ಹೇಗಿತ್ತು ಎಂದು ನಾನು ಎಷ್ಟು ಸಲ ಕೇಳಿದ್ದೇನೋ. "ಹಂಚಿನ ಮನೆ, ಮತ್ತೆಂತ" ಎನ್ನುವುದರಿಂದ ಆಚೆ ಅವರು ಒಂದು ಹೆಜ್ಜೆ ಇಟ್ಟವರಲ್ಲ.

ಅಂಕೋಲೆಯ ಆ ಮನೆಯ ಜಗಲಿ ಹತ್ತಿದಾಗಲೇ ನಾಟಕ ಯಾವುದರ ಬಗ್ಗೆ ಎಂದು ತಿಳಿದದ್ದು. ಒಂದು ಕುಟುಂಬ ಮನೆ ಬಿಡುತ್ತಿದೆ, ಮಧ್ಯಾಹ್ನ ಟೆಂಪೋ ಬರಲಿದೆ, ಸಾಮಾನು ಕಟ್ಟುತ್ತಿದ್ದಾರೆ. ನೋಡಲು ಬಂದ ನಾವು ಹದಿನೈದು ಜನ ನಾಟಕದ ಲೆಕ್ಕದಲ್ಲಿ ಸಹಾಯಕ್ಕೆ ಬಂದ ನೆಂಟರು. ನನ್ನವರ ಮುಖ ನೋಡಿದೆ. ಅವರು ತಲೆ ಎತ್ತಿ ಮಾಡಿನ ಮರದ ಪಕಾಸಿಗಳನ್ನು ನೋಡುತ್ತ ನಿಂತಿದ್ದರು.

ಮನೆಯ ಯಜಮಾನನ ಪಾತ್ರ ಮಾಡಿದ ಮುದುಕರು ನನ್ನ ಕೈಗೆ ಹಿತ್ತಾಳೆ ಪಾತ್ರೆಗಳನ್ನೂ ಹಳೆಯ ಸೀರೆಯನ್ನೂ ಕೊಟ್ಟರು. ನಾನು ಮೂಲೆಯಲ್ಲಿ ಕೂತು ಗಂಟು ಕಟ್ಟತೊಡಗಿದೆ. ಅಷ್ಟರಲ್ಲಿ ಅಡುಗೆಕೋಣೆಯಿಂದ ಸೊಸೆಯ ಪಾತ್ರದವಳು ಹೊರಗೆ ಬಂದಳು. ಮೂವತ್ತರ ಆಸುಪಾಸು. ಕೈತುಂಬ ಹಸಿರು ಬಳೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕರಿಮಣಿಯಲ್ಲಿ ಒಂದು ಪಿನ್ನು. ಹದಿನೈದು ಮುಖಗಳನ್ನೂ ಒಮ್ಮೆ ನೋಡಿ ನೇರ ನನ್ನವರ ಮುಂದೆ ಹೋಗಿ ನಿಂತಳು.

"ಬಾವಾ, ಒಂದು ಚೂರು ಒಳಗೆ ಬನ್ನಿ. ಒಲೆ ಹತ್ರ ಒಬ್ಳಿಗೇ ಆಗ್ತಾ ಇಲ್ಲ."

ಮಣಿಕಟ್ಟು ಹಿಡಿದು ಕರೆದೊಯ್ದಳು. ಬಾಗಿಲು ಮುಚ್ಚಿತು.

ಬಾವನಂತೆ! ನಾನು ಬಾಗಿಲಿಗೆ ಹತ್ತಿರದ ಗೋಡೆಗೆ ಜರುಗಿದೆ. ಮಾತು ತಿಳಿಯುತ್ತಿರಲಿಲ್ಲ, ಸ್ವರ ಮಾತ್ರ ಕೇಳುತ್ತಿತ್ತು. ಮೊದಲು ಅವಳದ್ದು ಸ್ವಲ್ಪ. ಆಮೇಲೆ ಅವರದ್ದು, ಅವರದ್ದು, ಬರೀ ಅವರದ್ದೇ. ನಡುವೆ ಅವರು ನಕ್ಕದ್ದೂ ಕೇಳಿತು. ಗೋಡೆಯ ಮೇಲಿನ ಗಡಿಯಾರ ನಾಟಕದ್ದಾದರೂ ಸರಿಯಾಗಿಯೇ ಓಡುತ್ತಿತ್ತು. ಹತ್ತು ನಿಮಿಷ. ನನಗೆ ಆರು ವರ್ಷಕ್ಕೆ ಮೂರು ಶಬ್ದ, ಅವಳಿಗೆ ಹತ್ತು ನಿಮಿಷ.

"ಅಕ್ಕಾ," ಮುದುಕರು ನನ್ನ ಕಿವಿಯ ಹತ್ತಿರ ಬಗ್ಗಿದರು, "ಗಂಟು ಇಷ್ಟು ಬಿಗಿ ಬೇಡ. ಮೂರು ಗಂಟೆಗೆ ಇನ್ನೊಂದು ಆಟ ಉಂಟು, ಮತ್ತೆ ಬಿಚ್ಬೇಕು ನಾವು."

ನೋಡಿದರೆ ಸೀರೆಯ ಅಂಚೇ ಹರಿದಿತ್ತು. ಕ್ಷಮೆ ಕೇಳಿದೆ. ಬಿಚ್ಚಲು ಹೋದರೆ ಬರಲೊಲ್ಲದು.

ಅವರು ಹೊರಗೆ ಬಂದಾಗ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ನಾನು ಹಾಕಿದ ಗೆರೆಯ ಮೇಲೆ ಬೂದಿ. ಕಣ್ಣು ಒಲೆಯ ಹೊಗೆಗೆ ಕೆಂಪಾಗಿತ್ತೋ ಇನ್ನೇನೋ. ಅವಳ ಕಣ್ಣೂ ಹಾಗೇ ಇತ್ತು. ಮುಖ ಮಾತ್ರ ಹಗುರವಾಗಿತ್ತು. ಅಂಥ ಮುಖವನ್ನು ನಾನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಮುಂದೆ ಟೆಂಪೋ ಬಂದದ್ದು, ಎಲ್ಲರೂ ಮೆಟ್ಟಿಲು ಇಳಿದದ್ದು, ಯಾರೋ ಬಿಕ್ಕಿದ್ದು, ಇದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ನಾನು ಆ ಹಸಿರು ಬಳೆಗಳನ್ನೇ ನೋಡುತ್ತಿದ್ದೆ.

ವಾಪಸು ಬಸ್ಸಿನಲ್ಲಿ ಅವರ್ಸೆ ಊರು ಬರುವವರೆಗೆ ತಡೆದುಕೊಂಡೆ.

"ಎಂತ ಕೇಳಿದ್ಲು ಅವಳು?"

"ಯಾರ ಹತ್ರಾನೂ ಹೇಳ್ಬಾರ್ದು ಅಂದಿದ್ದಾಳೆ. ನಾಟಕದ ಗುಟ್ಟು."

"ಹೆಂಡ್ತಿ ಹತ್ರಾನೂ?"

"ಹೆಂಡ್ತಿ ಹತ್ರ ಹೇಳ್ಬಹುದು ಅಂತ ಬೇರೆ ಹೇಳ್ಲಿಲ್ಲ."

"ನೀವು ಹುಟ್ಟಿದ ಮನೆ ವಿಷಯನಾ?"

ಅವರು ಟಿಕೆಟ್ಟನ್ನು ಸಣ್ಣಗೆ ಮಡಚುತ್ತ "ಹೂಂ" ಎಂದರು. ಅಷ್ಟೇ. ಮೂರು ಗಂಟೆಯ ಆಟದಲ್ಲಿ ಅವಳು ಇನ್ಯಾರನ್ನೋ ಬಾವಾ ಎನ್ನುತ್ತಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವಳು ಏನನ್ನು ಮರೆತರೂ, ನನಗೆ ಸಿಗದ ಮಾತು ಅವಳಿಗೆ ಸಿಕ್ಕಿತಲ್ಲ! ಅವಳದ್ದು ಸುಳ್ಳು ಅಡುಗೆಕೋಣೆ. ನನ್ನದು ನಿಜವಾದದ್ದು, ಅದರ ಬಾಗಿಲೂ ಮುಚ್ಚುತ್ತದೆ. ಒಂದು ದಿನವಾದರೂ ಅವರು ಒಳಗೆ ಬಂದು ಒಲೆಯ ಹತ್ತಿರ ನಿಂತದ್ದಿಲ್ಲ. ಇಲ್ಲ, ನಾನೂ ಕೈ ಹಿಡಿದು ಕರೆದದ್ದಿಲ್ಲ. ಅದು ಹೊಳೆದದ್ದಕ್ಕೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದವಳೇ ಆ ಅಂಗಿಯನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ ಅದೊಂದನ್ನೇ ನೆನೆ ಹಾಕಿದೆ. ಅವರು ಪಕ್ಕದ ಮನೆಯವರ ಸ್ಕೂಟರಿನಲ್ಲಿ ಬೈತಖೋಲಕ್ಕೆ ಮೀನು ತರಲು ಹೋದರು. ಬರುವಾಗ ದೀಪ ಹಚ್ಚುವ ಹೊತ್ತು. ಮೀನು ಒಳಗೆ ಕೊಟ್ಟು ಬಂದ ಸ್ಕೂಟರಿನವರ ಜೊತೆ ನನ್ನವರು ಗೇಟಿನ ಹತ್ತಿರ ಇನ್ನೂ ನಿಂತೇ ಇದ್ದರು. ಪಕ್ಕದ ಮನೆಯಾಕೆ ನಮ್ಮ ಪಾಲಿನ ಬಂಗಡೆಯನ್ನು ಹಿತ್ತಲ ಗೋಡೆಯ ಮೇಲಿಂದ ದಾಟಿಸಿದಳು.

"ತಾಜಾ ಉಂಟು ವೈನಿ, ಕಿವಿರು ನೋಡಿ ಹೇಗೆ ಕೆಂಪಿದೆ. ಅಲ್ಲಾ, ನಿಮ್ಮವ್ರು ದಾರಿ ತುಂಬ ಒಂದೇ ಸಮ ಮಾತಂತೆ, ನಮ್ಮವ್ರಿಗೆ ಬಾಯಿ ಬಿಡ್ಲಿಕ್ಕೂ ಕೊಡ್ಲಿಲ್ಲವಂತೆ! ಮನೆ ಬಿಟ್ಟು ಬರೋ ದಿವ್ಸ ಬೆಕ್ಕು ಟೆಂಪೋ ಹತ್ತದೇ ಓಡಿಹೋಯ್ತಂತಲ್ಲ, ಅದಕ್ಕೆ ಒಣಮೀನು ಹಾಕ್ಲಿಕ್ಕೆ ಅಂತ ಗೋಡೆ ಕಟ್ಟೋವರೆಗೂ ದಿನಾ ಸಂಜೆ ಸೈಕಲ್ ತುಳ್ಕೊಂಡು ಹೋಗ್ತಿದ್ರಂತಲ್ಲ! ನಂಗಂತೂ ನಗು ತಡಿಲಿಕ್ಕಾಗ್ಲಿಲ್ಲ. ನಿಮ್ಗೆ ಬಿಡಿ, ಈ ಕಥೆ ಕೇಳಿ ಕೇಳಿ ಸಾಕಾಗಿರ್ಬೇಕು."